3/4ರಲ್ಲಿ 2/3 ಕಳೆದರೆ 1 ಹೇಗೆ ಬಂತು?

ತೊಗರಿ ಚೀಲದ ಲೆಕ್ಕದಲ್ಲಿ ನಿಮ್ಮ ಮಗಳು 3/4ರಲ್ಲಿ 2/3 ಕಳೆದು ಉತ್ತರ 1 ಅಂತ ಬರೆದಿದ್ದಾಳೆ, ಅದು ಹೇಗೆ ಬಂತು ಅಂತ ಕೇಳಿದ್ದೀರಿ. ಅವಳು ಬಹುಶಃ ಅಂಶದಲ್ಲಿ (ಮೇಲಿನ ಸಂಖ್ಯೆ) ಅಂಶ, ಛೇದದಲ್ಲಿ (ಕೆಳಗಿನ ಸಂಖ್ಯೆ) ಛೇದ ಕಳೆದಿದ್ದಾಳೆ. 3-2=1, 4-3=1, ಹಾಗಾಗಿ 1/1, ಅಂದರೆ ಪೂರ್ತಿ ಒಂದು ಚೀಲ. ಭಿನ್ನರಾಶಿ ಕಲಿಯುವಾಗ ಎಷ್ಟೋ ಮಕ್ಕಳು ಎಡವುವುದು ಇಲ್ಲೇ.

ಲೆಕ್ಕ ಇಷ್ಟೇ ಅಲ್ವಾ: ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಒಬ್ಬ ರೈತ ಚೀಲದ 3/4 ಭಾಗ ತೊಗರಿ ಮಾರಿದ, ಇನ್ನೊಬ್ಬ ಅಷ್ಟೇ ದೊಡ್ಡ ಚೀಲದ 2/3 ಭಾಗ. ಯಾರು ಎಷ್ಟು ಜಾಸ್ತಿ ಮಾರಿದರು? ಇಬ್ಬರೂ ಪೂರ್ತಿ ಚೀಲ ಮಾರೇ ಇಲ್ಲ, ಮತ್ತೆ ವ್ಯತ್ಯಾಸ ಒಂದು ಚೀಲ ಹೇಗಾಗುತ್ತೆ? ಮೊದಲು ಇದನ್ನೇ ಕೇಳಿ. ಅವಳೇ ನಗುತ್ತಾಳೆ.

ಆಮೇಲೆ ಎರಡು ಜೋಳದ ರೊಟ್ಟಿ ತಗೊಳ್ಳಿ. ಒಂದನ್ನು 3, ಇನ್ನೊಂದನ್ನು 4 ಸಮ ತುಂಡು ಮಾಡಿ. ತುಂಡುಗಳ ಅಳತೆಯೇ ಬೇರೆ, ಸುಮ್ನೆ ಎಣಿಸಿ ಕಳೆಯೋಕೆ ಆಗಲ್ಲ.

ಈಗ ತುಂಡುಗಳ ಅಳತೆ ಒಂದೇ ಮಾಡೋಕೆ 3 ಮತ್ತು 4ರ ಮಗ್ಗಿ ಬರೆಸಿ. ಎರಡರಲ್ಲೂ ಮೊದಲು ಸಿಗುವುದು 12. 3/4ಕ್ಕೆ ಮೇಲೆ ಕೆಳಗೆ 3ರಿಂದ ಗುಣಿಸಿದರೆ 9/12. 2/3ಕ್ಕೆ 4ರಿಂದ ಗುಣಿಸಿದರೆ 8/12. 3/4 ಮತ್ತು 9/12 ಸಮಾನ ಭಿನ್ನರಾಶಿಗಳು, ಹಾಗೆಯೇ 2/3 ಮತ್ತು 8/12; ಬೆಲೆ ಅದೇ, ಬರೆಯುವ ರೀತಿ ಮಾತ್ರ ಬೇರೆ. ಈಗ ಅಂಶ ಮಾತ್ರ ಕಳೆಯಬೇಕು, ಛೇದ ಮುಟ್ಟಬಾರದು. ಮೊದಲನೆಯವನು 1/12 ಚೀಲ ಜಾಸ್ತಿ ಮಾರಿದ.

ನಂಬಿಕೆ ಬರದಿದ್ದರೆ ಚೀಲ 60 ಕೆಜಿ ಅಂದುಕೊಳ್ಳಿ. 45 ಕೆಜಿ, 40 ಕೆಜಿ. ವ್ಯತ್ಯಾಸ 5, ಅದು 60ರ 1/12. ಮುಂದೆ 5/6 ಮತ್ತು 3/4 ಕೊಟ್ಟು ನೋಡಿ. ಛೇದ 24 ಹಾಕಿದರೂ ತಪ್ಪಲ್ಲ, 12 ಸುಲಭ ಅಷ್ಟೇ.