ಕಟಿಂಗ್ ಮಷೀನಿನ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡಬಹುದಾ?

ಬೇಡ. ಕಬ್ಬಿಣ ಕತ್ತರಿಸುವ ವೀಲನ್ನು ಮುಚ್ಚುವ ಆ ಕವಚ ಬಿಚ್ಚಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ದನದ ಕೊಟ್ಟಿಗೆಗೆ ಶೀಟ್ ಹೊದಿಸಲು ಫ್ರೇಮ್ ಮಾಡಬೇಕು, ಅದಕ್ಕೆ 14 ಇಂಚಿನ ಹಳೇ ಕಟಿಂಗ್ ಮಷೀನ್ ಕೊಂಡಿದ್ದೇನೆ, ಇಲ್ಲಿಯವರೆಗೆ ಕೈ ಗ್ರೈಂಡರ್ ಮಾತ್ರ ಹಿಡಿದು ಗೊತ್ತು, ಗಾರ್ಡ್ ಅಡ್ಡ ಬಂದು ಪೈಪಿನ ಮೇಲೆ ಕತ್ತರಿಸಬೇಕಾದ ಗುರುತು ಕಾಣುವುದಿಲ್ಲ ಅಂತ ಬರೆದಿದ್ದೀರಿ. ನಾನು ಗ್ರಿಲ್, ಗೇಟು ಮಾಡುವವನು. ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ ಮೊದಲು ಕೈ ಹೋಗುವುದು ಈ ಮಷೀನಿಗೇ.

ಗುರುತು ಕಾಣುವುದಕ್ಕೆ ಗಾರ್ಡ್ ಬಿಚ್ಚಬೇಕಾಗಿಲ್ಲ. ಪ್ಲಗ್ ತೆಗೆದು, ಗಾರ್ಡ್ ಸ್ವಲ್ಪ ಎತ್ತಿ, ಹ್ಯಾಂಡಲ್ ಕೆಳಗಿಳಿಸಿ ವೀಲನ್ನು ಗುರುತಿಗೆ ತಾಗಿಸಿ ನೋಡಿ. ಪೈಪನ್ನು ಆಚೆ ಈಚೆ ಸರಿಸಿ, ಸರಿಯಾಗಿ ಕೂತ ಮೇಲೆ ಅದನ್ನು ಕಚ್ಚಿ ಹಿಡಿಯುವ ವೈಸ್ ಬಿಗಿ ಮಾಡಿ. ವೀಲ್ ತಿರುಗುವಾಗ ಗುರುತು ನೋಡುವ ಕೆಲಸವೇ ಇರಬಾರದು. ವೀಲಿನ ದಪ್ಪಕ್ಕೆ ಎರಡೂವರೆ, ಮೂರು ಮಿಲಿಮೀಟರ್ ಪೈಪು ತಿಂದುಹೋಗುತ್ತದೆ. ಅದನ್ನೂ ಅಳತೆಯಲ್ಲಿ ಸೇರಿಸಿಕೊಳ್ಳಿ.

ಈಗ ಗಾರ್ಡ್ ವಿಷಯ. 14 ಇಂಚು ಅಂದರೆ 355 ಮಿ.ಮೀ. ವೀಲು. ಇಂಥ ಮಷೀನ್ ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ವೀಲಿನ ಅಂಚು ಸೆಕೆಂಡಿಗೆ 70 ಮೀಟರ್ ಓಡುತ್ತಿರುತ್ತದೆ, ಅಂದರೆ ಗಂಟೆಗೆ 250 ಕಿಲೋಮೀಟರ್. ಅದೇನು ಉಕ್ಕಿನ ತಟ್ಟೆಯೂ ಅಲ್ಲ. ಗಟ್ಟಿ ಹರಳಿನ ಪುಡಿ, ಅದನ್ನು ಹಿಡಿದಿಡುವ ಅಂಟು, ಮಧ್ಯೆ ಫೈಬರ್ ಬಲೆ, ಅಷ್ಟೇ. ನೇರ ಕೆಳಗೆ ಒತ್ತಿದರೆ ತಡೆದುಕೊಳ್ಳುತ್ತದೆ. ಪಕ್ಕಕ್ಕೆ ಒತ್ತಿದರೆ ಹಪ್ಪಳ.

ನನ್ನದೇ ಒಂದು ಕಥೆ ಹೇಳುತ್ತೇನೆ. ಇಪ್ಪತ್ತು ಅಡಿ ಉದ್ದದ ಸ್ಕ್ವೇರ್ ಪೈಪನ್ನು ಅರ್ಧಕ್ಕೆ ತುಂಡು ಮಾಡುತ್ತಿದ್ದೆ. ಒಂದು ಕಡೆ ವೈಸಿನಲ್ಲಿ ಬಿಗಿದಿದ್ದೆ, ಇನ್ನೊಂದು ತುದಿಯನ್ನು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹಿಡಿದು ನಿಂತಿದ್ದ. ಇನ್ನೇನು ಪೂರ್ತಿ ಕಟ್ ಆಗಬೇಕು, ಪೈಪು ಬಿದ್ದುಹೋದೀತು ಅಂತ ಪಾಪ ಅವನು ಒಂಚೂರು ಮೇಲಕ್ಕೆತ್ತಿದ. ಸೀಳಿನ ಬಾಯಿ ಮುಚ್ಚಿಕೊಂಡು ವೀಲನ್ನು ಕಚ್ಚಿತು. ಪಟಾಕಿ ಹೊಡೆದ ಹಾಗೆ ಒಂದು ಸದ್ದು. ಕಣ್ಣು ಬಿಟ್ಟು ನೋಡಿದರೆ ವೀಲು ಕೂರುವ ಸ್ಪಿಂಡಲಿನಲ್ಲಿ ಅರ್ಧಚಂದ್ರದಷ್ಟು ವೀಲು ಉಳಿದಿತ್ತು. ಮಿಕ್ಕಿದ್ದು ಗಾರ್ಡಿಗೆ ಬಡಿದು ಒಳಗಿಂದ ಹೊರಕ್ಕೆ ಉಬ್ಬು ಎಬ್ಬಿಸಿತ್ತು. ಆ ಉಬ್ಬು ನನ್ನ ಮುಖದ ನೇರಕ್ಕೇ ಇತ್ತು.

ತಪ್ಪು ಹುಡುಗನದ್ದಲ್ಲ, ನನ್ನದು. ಕಟ್ ಆಗಿ ಬೀಳುವ ತುಂಡನ್ನು ಯಾರೂ ಹಿಡಿಯಬಾರದು, ಅದಕ್ಕೆ ಬೀಳಲು ಜಾಗ ಬಿಡಬೇಕು. ವೈಸ್ ಕಡೆಯ ಉದ್ದ ಪೈಪಿಗೆ ಮಾತ್ರ ಮಷೀನಿನ ತಳದಷ್ಟೇ ಎತ್ತರದ ಸ್ಟ್ಯಾಂಡ್ ಕೊಡಿ. ಬೀಳುವ ಕಡೆ ತುಂಬಾ ಉದ್ದ ಇದ್ದರೆ ಅಲ್ಲೂ ಒಂದು ಸ್ಟ್ಯಾಂಡ್ ಇಡಿ, ಆದರೆ ಬೆರಳಷ್ಟು ತಗ್ಗಿಗೆ. ಆಗ ಸೀಳು ತೆರೆದುಕೊಳ್ಳುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ನಾಲ್ಕು ಇಂಚಿನ ಚಿಕ್ಕ ತುಂಡು ಅಂತ ಕೈಯಲ್ಲಿ ಹಿಡಿದು ಕತ್ತರಿಸುವವರನ್ನು ನೋಡಿದ್ದೇನೆ. ಅವರ ಬೆರಳು ಲೆಕ್ಕ ಹಾಕಬೇಡಿ, ಬೇಜಾರಾಗುತ್ತದೆ.

ಆಂಗಲ್, ಅಂದರೆ L ಆಕಾರದ ಕಬ್ಬಿಣ, ಕತ್ತರಿಸುವಾಗ ಮೂಲೆ ಮೇಲೆ ಬರುವ ಹಾಗೆ, ಮನೆ ಮಾಡಿನ ಥರ ಕವುಚಿ ಇಡಿ. ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಹಿಡಿಸಿ. ವೀಲಿಗೆ ಒಂದು ಸಲಕ್ಕೆ ಸಿಗುವ ಕಬ್ಬಿಣ ಕಡಿಮೆ ಇದ್ದಷ್ಟೂ ಬೇಗ ಕತ್ತರಿಸುತ್ತದೆ.

ಸ್ವಿಚ್ ಒತ್ತಿದ ತಕ್ಷಣ ಇಳಿಸಬೇಡಿ. ಪೂರ್ತಿ ಸ್ಪೀಡ್ ಬಂದ ಮೇಲೆ ಮೆಲ್ಲಗೆ ತಾಗಿಸಿ. ಆಮೇಲೆ ಕಿವಿ ಮೋಟರ್ ಕಡೆ ಇರಲಿ. ಸದ್ದು ದಪ್ಪಗಾಗಿ ನರಳಲು ಶುರುವಾದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಂತ ಅರ್ಥ. ವೀಲಿನ ನೇರಕ್ಕೆ ನಿಲ್ಲದೆ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ಕಟ್ ಆದ ಮೇಲೆ ವೀಲು ಪೂರ್ತಿ ನಿಲ್ಲುವವರೆಗೆ ಆ ತುಂಡಿಗೆ ಕೈ ಹಾಕಬೇಡಿ. ನಿಂತ ಮೇಲೂ ಬರಿಗೈಯಲ್ಲಿ ಮುಟ್ಟಬೇಡಿ, ಚುರ್ ಅನ್ನುತ್ತದೆ. ಕಟ್ ಆದ ಅಂಚಿನ ಮುಳ್ಳು ತೆಗೆಯಲು ಇದೇ ವೀಲಿನ ಪಕ್ಕಕ್ಕೆ ಉಜ್ಜುವುದಂತೂ ಬೇಡವೇ ಬೇಡ, ಅದಕ್ಕೆ ಗ್ರೈಂಡರ್ ಇದೆ. ಅಲ್ಯೂಮಿನಿಯಂ, ಮರ ಇದರಲ್ಲಿ ಕತ್ತರಿಸಬೇಡಿ. ಹಲ್ಲಿನ ಬ್ಲೇಡ್ ತಂದು ಸಿಕ್ಕಿಸುವ ಸಾಹಸವೂ ಬೇಡ.

ಕಿಡಿಯನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಕೊಟ್ಟಿಗೆ ಅಂದಿರಲ್ಲ, ಹತ್ತಿರದಲ್ಲಿ ಹುಲ್ಲಿನ ಬಣವೆ ಇದ್ದೇ ಇರುತ್ತದೆ. ಕಿಡಿ ಹಿಂದಕ್ಕೆ ಹಲವು ಅಡಿ ಹಾರುತ್ತದೆ. ಗೋಡೆ ಕಡೆ ತಿರುಗಿಸಿಡಿ, ಥಿನ್ನರ್ ಡಬ್ಬ, ಬೈಕು ದೂರ ಇಡಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಕೆಲಸ ಮುಗಿದ ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ನೋಡಿ. ಹುಲ್ಲಿನೊಳಗೆ ಸಿಕ್ಕಿದ ಕಿಡಿ ನಿಧಾನಕ್ಕೆ ಹತ್ತಿಕೊಳ್ಳುತ್ತದೆ. ಕಿಡಿ ಕಿಟಕಿ ಗಾಜಿಗೆ ಬಿದ್ದರೆ ಅಲ್ಲೇ ಅಂಟಿಕೂರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮನೆಯಾಕೆಯ ಹತ್ತಿರ ಬೈಸಿಕೊಂಡು ಕಲಿತದ್ದು ಇದು. ಹಳೇ ಡೀಸೆಲ್ ಡ್ರಮ್ಮನ್ನಂತೂ ಖಾಲಿ ಇದ್ದರೂ ಕತ್ತರಿಸಬೇಡಿ, ಒಳಗಿನ ಆವಿ ಸಿಡಿಯುತ್ತದೆ.

ಹಾಕಿಕೊಳ್ಳುವುದು: ಕನ್ನಡಕ, ಅದರ ಮೇಲೆ ಮುಖಕ್ಕೆ ಶೀಲ್ಡ್, ಕಿವಿಗೆ ಪ್ಲಗ್, ಮೂಗಿಗೆ ಮಾಸ್ಕ್, ಹತ್ತಿ ಬಟ್ಟೆ, ಶೂ. ಪಂಚೆ, ಟವೆಲ್, ಕೈಗೆ ಕಟ್ಟಿದ ದಾರ, ಕೊರಳಿನ ಸರ ಯಾವುದೂ ವೀಲಿನ ಹತ್ತಿರ ಬರಬಾರದು.

ಕರೆಂಟು. ಈ ಮಷೀನ್‌ಗಳು 2,000 ವ್ಯಾಟ್ ದಾಟುತ್ತವೆ, ಆದ್ದರಿಂದ ಅರ್ಥಿಂಗ್ ಇರುವ 15 ಆಂಪ್ ಸಾಕೆಟ್ ಬೇಕು. ವೈರ್ ತುದಿ ಸುಲಿದು ಬೆಂಕಿಕಡ್ಡಿ ತುರುಕುವ ನಮ್ಮ ಜುಗಾಡು ಬೇಡ. ಇನ್ನೊಂದು ಮುಖ್ಯ. ಕೆಲವು ಮಷೀನಿನಲ್ಲಿ ಸ್ವಿಚ್ ಒತ್ತಿ ಲಾಕ್ ಮಾಡುವ ಗುಂಡಿ ಇರುತ್ತದೆ. ಲಾಕ್ ಆಗಿದ್ದಾಗ ಕರೆಂಟ್ ಹೋಯಿತು, ಎಲ್ಲರೂ ಟೀ ಕುಡಿಯಲು ಹೋದರು ಅಂದುಕೊಳ್ಳಿ. ಕರೆಂಟ್ ಬಂದ ತಕ್ಷಣ ಮಷೀನ್ ತಾನೇ ತಿರುಗುತ್ತದೆ, ಪಕ್ಕದಲ್ಲಿ ಮಗು ಇದ್ದರೂ ತಿರುಗುತ್ತದೆ. ಕರೆಂಟ್ ಹೋದರೆ ಮೊದಲು ಪ್ಲಗ್ ಕೀಳಿ.

ಸೆಕೆಂಡ್ ಹ್ಯಾಂಡ್ ಅಂದಿರಿ, ಆದ್ದರಿಂದ ಗಾರ್ಡ್ ತಾನಾಗಿ ಮುಚ್ಚಿಕೊಳ್ಳುತ್ತದಾ, ಹ್ಯಾಂಡಲ್ ಬಿಟ್ಟರೆ ಸ್ಪ್ರಿಂಗ್ ಅದನ್ನು ಮೇಲಕ್ಕೆತ್ತುತ್ತದಾ ನೋಡಿ. ಇಲ್ಲದಿದ್ದರೆ ಸ್ಪ್ರಿಂಗ್ ಬದಲಾಯಿಸಿ, ಜಾಸ್ತಿ ಖರ್ಚಿಲ್ಲ. ಹೊಸ ವೀಲು ತರುವಾಗ ಅದರ ಮೇಲಿನ ಗರಿಷ್ಠ ಸುತ್ತಿನ ಅಂಕಿ ನಿಮ್ಮ ಮಷೀನಿನದಕ್ಕಿಂತ ಜಾಸ್ತಿ ಇದೆಯಾ, ನಡುವಿನ ಲೋಹದ ಉಂಗುರದಲ್ಲಿ ಮುಗಿಯುವ ತಾರೀಕು ಇದ್ದರೆ ಅದು ದಾಟಿಲ್ಲವಾ ನೋಡಿಕೊಳ್ಳಿ. ಹೌದು, ವೀಲಿಗೂ ಔಷಧಿ ಥರ ಎಕ್ಸ್‌ಪೈರಿ ಇದೆ, ತೇವಕ್ಕೆ ಅಂಟು ಸಡಿಲವಾಗುತ್ತದೆ. ಹಾಕಿದ ಮೇಲೆ ಏನೂ ಕತ್ತರಿಸದೆ, ಪಕ್ಕಕ್ಕೆ ನಿಂತು ಒಂದು ನಿಮಿಷ ಸುಮ್ನೆ ತಿರುಗಿಸಿ.

ಮಷೀನಿನ ಜೊತೆ ಬಂದ ಹಳೇ ವೀಲು ಎಷ್ಟು ದಿನದ್ದೋ, ಎಲ್ಲಿ ಬಿದ್ದಿತ್ತೋ. ಅದನ್ನು ಬಳಸಬೇಡಿ. ಬಿಸಾಡುವ ಮುಂಚೆ ಎರಡು ತುಂಡು ಮಾಡಿ, ಇಲ್ಲದಿದ್ದರೆ ಇನ್ನೂ ಚೆನ್ನಾಗಿದೆಯಲ್ಲ ಅಂತ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ.