ಮಕ್ಕಳೇ ಕಂಡುಕೊಳ್ಳಲಿ ಎಂದರೆ ಎಷ್ಟು ಬಿಡಬೇಕು?

ಪ್ರಶ್ನೆ: ಉಡುಪಿ ತಾಲೂಕಿನ ಶಾಲೆಯೊಂದರಲ್ಲಿ ಐದನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಲೋಲಕದ (ದಾರಕ್ಕೆ ಭಾರ ಕಟ್ಟಿ ತೂಗಾಡಿಸುವುದು) ವೇಗ ಯಾವುದರಿಂದ ಬದಲಾಗುತ್ತದೆ ಎಂದು ತಾವೇ ಕಂಡುಕೊಳ್ಳಲಿ ಅಂತ ದಾರ, ನಟ್ ಕೊಟ್ಟು ಬಿಟ್ಟೆ. ಪೀರಿಯಡ್ ಪೂರ್ತಿ ಗಲಾಟೆ. ಕೊನೆಗೆ ಹೆಚ್ಚಿನವರು ‘ಭಾರ ಜಾಸ್ತಿಯಾದರೆ ನಿಧಾನ’ ಎಂದು ಬರೆದರು. ನಾನೇ ಪಾಠ ಮಾಡಿದ್ದರೆ ಆಗುತ್ತಿತ್ತೇ?
– ಶಿಕ್ಷಕಿ, ಉಡುಪಿ

ಉತ್ತರ: ಪ್ರಯೋಗ ಬಿಡಬೇಡಿ. ಮಕ್ಕಳ ಯೋಚನೆಯನ್ನು ಅಳೆಯಲು ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ಇನ್‌ಹೆಲ್ಡರ್ ಬಳಸಿದ್ದೂ ಇದೇ ಲೋಲಕವನ್ನು. ಚಿಕ್ಕ ಮಕ್ಕಳು ದಾರ, ಭಾರ, ತಳ್ಳುವ ಬಲ ಎಲ್ಲವನ್ನೂ ಒಟ್ಟಿಗೇ ಬದಲಿಸಿ, ಕಣ್ಣಿಗೆ ಬಿದ್ದದ್ದನ್ನು ಕಾರಣ ಮಾಡುತ್ತಾರೆ. ‘ಒಂದನ್ನು ಮಾತ್ರ ಬದಲಿಸು, ಉಳಿದದ್ದು ಹಾಗೇ ಇರಲಿ’ ಎಂಬುದು ಹತ್ತು ವರ್ಷದವರಿಗೆ ತಾನಾಗಿ ಹೊಳೆಯುವುದು ಕಡಿಮೆ, ಹೇಳಿಕೊಟ್ಟರೆ ಹಿಡಿಯುತ್ತಾರೆ. ಮೂರು, ನಾಲ್ಕನೇ ತರಗತಿಯವರ ಮೇಲೆ ಸಂಶೋಧಕರಾದ ಕ್ಲಾರ್ ಮತ್ತು ನಿಗಮ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೇರವಾಗಿ ಹೇಳಿಸಿಕೊಂಡವರೇ ಈ ವಿಧಾನವನ್ನು ಹೆಚ್ಚು ಕಲಿತರು. ಆವಿಷ್ಕಾರ ಕಲಿಕೆಯ, ಅಂದರೆ ಮಕ್ಕಳು ತಾವೇ ಕಂಡುಕೊಂಡು ಕಲಿಯುವುದರ ಪರವಾಗಿ 1961ರಲ್ಲಿ ಬರೆದ ಮನೋವಿಜ್ಞಾನಿ ಬ್ರೂನರ್ ಕೂಡ, ಅದು ಒಲಿಯುವುದು ಸಿದ್ಧವಾದ ಮನಸ್ಸಿಗೆ ಎಂದೇ ಹೇಳಿದ್ದು.

ಹಾಗಾಗಿ ಮೊದಲ ಹತ್ತು ನಿಮಿಷ ನಿಮ್ಮದು. ಬೇಕೆಂದೇ ದಾರವನ್ನೂ ಭಾರವನ್ನೂ ಒಟ್ಟಿಗೆ ಬದಲಿಸಿ ತೋರಿಸಿ, ‘ಈಗ ಯಾವುದರಿಂದ ಆಯಿತು?’ ಎಂದು ಕೇಳಿ. ತಕರಾರು ಅವರಿಂದಲೇ ಬರಬೇಕು. ಆಮೇಲೆ ನಾಲ್ವರ ಗುಂಪು ಮಾಡಿ: ಒಬ್ಬರು ಬಿಡುವುದು, ಒಬ್ಬರು ಎಣಿಸುವುದು, ಒಬ್ಬರು ಸಮಯ ನೋಡುವುದು, ಒಬ್ಬರು ಬರೆಯುವುದು. ದಾರ 25, 50, 100 ಸೆಂ.ಮೀ. ಹತ್ತು ಸಲ ಹೋಗಿ ಬರಲು ಸುಮಾರು 10, 14, 20 ಸೆಕೆಂಡು ಹಿಡಿಯಬೇಕು. ಈ ಅಂಕಿ ನಿಮ್ಮಲ್ಲೇ ಇರಲಿ.

‘ಭಾರವಾದರೆ ನಿಧಾನ’ ಎಂಬ ಉತ್ತರಕ್ಕೆ ಒಂದು ಕಾರಣ ನಟ್ ಕಟ್ಟಿದ ರೀತಿಯೇ ಇರಬಹುದು. ಒಂದರ ಕೆಳಗೊಂದು ಕಟ್ಟಿದರೆ ಭಾರದ ಕೇಂದ್ರ ಕೆಳಗಿಳಿದು ಲೋಲಕವೇ ಉದ್ದವಾಗುತ್ತದೆ; ಮಕ್ಕಳು ಕಂಡದ್ದು ಸರಿ, ಕಾರಣ ಮಾತ್ರ ಭಾರವಲ್ಲ, ಉದ್ದ. ಪೇಪರ್ ಕ್ಲಿಪ್ಪನ್ನು ಕೊಕ್ಕೆ ಮಾಡಿ ಎಲ್ಲ ನಟ್‌ಗಳನ್ನೂ ಅದಕ್ಕೇ ಸಿಕ್ಕಿಸಿ, ಉದ್ದವನ್ನು ದಾರವನ್ನು ಮೇಲೆ ಕಟ್ಟಿದ ಜಾಗದಿಂದ ನಟ್‌ನ ನಡುವಿನವರೆಗೆ ಅಳೆಯಿರಿ. ಬಿಡುವಾಗ ‘ಒಂದು’ ಎನ್ನುವ ಮಗು ಒಂಬತ್ತೇ ಸಲ ಎಣಿಸಿರುತ್ತದೆ, ‘ಸೊನ್ನೆ’ಯಿಂದ ಶುರುಮಾಡಲಿ. 25 ಸೆಂ.ಮೀ. ದಾರವನ್ನು ಐದಾರು ಸೆಂ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಎಳೆಯಬಾರದು, ಎಳೆದಷ್ಟೂ ಸಮಯ ಸ್ವಲ್ಪ ಹಿಗ್ಗುತ್ತದೆ. ಗಾಳದ ನೈಲಾನ್ ದಾರ ಬೇಡ, ಅದರ ಸುರುಳಿ ಬಿಡುವುದಿಲ್ಲ. ದಪ್ಪ ಹೊಲಿಗೆ ನೂಲು ಸಾಕು. ಫ್ಯಾನ್ ಆರಿಸಿ. ಮಧ್ಯಾಹ್ನ ಕಡಲ ಗಾಳಿ ಕಿಟಕಿಯಿಂದ ನುಗ್ಗುತ್ತದೆ, ಬೆಳಗಿನ ಪೀರಿಯಡ್ಡೇ ಒಳ್ಳೆಯದು.

ಪ್ರಶ್ನೆ: ಪುನರ್ಪುಳಿ ಶರಬತ್ತನ್ನು ಉದ್ದ ಲೋಟಕ್ಕೆ ಹೊಯ್ದರೆ ‘ಜಾಸ್ತಿ ಆಯ್ತು’ ಎನ್ನುತ್ತಾಳೆ ಐದು ವರ್ಷದ ಮಗಳು. ಎಷ್ಟು ಹೇಳಿದರೂ ಒಪ್ಪುವುದಿಲ್ಲ. ಬುದ್ಧಿ ಮಂದವೇ?
– ಗೃಹಿಣಿ, ಮಂಗಳೂರು

ಉತ್ತರ: ಖಂಡಿತ ಅಲ್ಲ. ಆ ವಯಸ್ಸಿಗೆ ಎತ್ತರವೊಂದೇ ಕಣ್ಣಿಗೆ ಕಟ್ಟುತ್ತದೆ, ಅಗಲ ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಆರು, ಏಳರ ಹೊತ್ತಿಗೆ ತಿಳಿಯುತ್ತದೆ. ವಾದ ಮಾಡಬೇಡಿ. ಸ್ನಾನದ ಹೊತ್ತಿಗೆ ಬೇರೆ ಬೇರೆ ಪಾತ್ರೆ ಕೊಟ್ಟು ಅವಳೇ ಸುರಿದು, ಮತ್ತೆ ಮೊದಲಿನ ಲೋಟಕ್ಕೇ ತಿರುಗಿ ಹೊಯ್ಯಲಿ. ಶರಬತ್ತನ್ನು ಮಾತ್ರ ಸದ್ಯಕ್ಕೆ ಒಂದೇ ಅಳತೆಯ ಲೋಟಗಳಲ್ಲಿ ಹಂಚಿ, ಜಗಳ ತಪ್ಪುತ್ತದೆ.