ಸುಮ್ನೆ ಹೂಂ ಅನ್ನಬಹುದಿತ್ತಲ್ಲ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಲ್ಯಾಟಿಮರ್, ರಿಡ್ಲಿ ಎಂಬ ಪ್ರಾಟೆಸ್ಟೆಂಟ್ (ಪೋಪರ ಕ್ಯಾಥೋಲಿಕ್ ಚರ್ಚಿನಿಂದ ಬೇರೆಯಾದ) ಬಿಷಪ್‌ಗಳನ್ನು 1555ರಲ್ಲಿ ಇಂಗ್ಲೆಂಡಿನ ಕ್ಯಾಥೋಲಿಕ್ ರಾಣಿ ಮೇರಿಯ ಆಡಳಿತ ಆಕ್ಸ್‌ಫರ್ಡ್‌ನಲ್ಲಿ ಸುಟ್ಟ ಕಥೆ ಬರೆದಿದ್ದೀರಿ. ಪೂಜೆಯ ರೊಟ್ಟಿ ನಿಜಕ್ಕೂ ಕ್ರಿಸ್ತನ ದೇಹವಾಗುತ್ತದೋ ಇಲ್ಲವೋ ಅನ್ನೋ ಜಗಳಕ್ಕೆ ಜೀವ ಕೊಡಬೇಕಿತ್ತೇ? ಬಾಯಲ್ಲಿ ಹೂಂ ಅಂದು ಬದುಕಬಹುದಿತ್ತಲ್ಲ? ಪ್ರಾಟೆಸ್ಟೆಂಟರೇನು ಕಮ್ಮಿ ಕೊಂದರೇ?
— ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಮಾತು ಸರಿ. 1527ರಲ್ಲಿ, ದೊಡ್ಡವರಾದ ಮೇಲೇ ದೀಕ್ಷಾಸ್ನಾನ ಕೊಡಬೇಕು ಅಂದ ಫೆಲಿಕ್ಸ್ ಮಾಂಝ್‌ನನ್ನು ಲಿಮ್ಮಟ್ ನದಿಯಲ್ಲಿ ಮುಳುಗಿಸಿದ್ದು ಜ್ಯೂರಿಕ್‌ನ ಪ್ರಾಟೆಸ್ಟೆಂಟರೇ. 1586ರಲ್ಲಿ ಇಂಗ್ಲೆಂಡಿನ ಯಾರ್ಕ್‌ನ ಕ್ಯಾಥೋಲಿಕ್ ಹೆಂಗಸು ಮಾರ್ಗರೆಟ್ ಕ್ಲಿದರೋ ಮೈಮೇಲೆ ಭಾರ ಹೇರಿ ಕೊಂದದ್ದೂ ಅಲ್ಲಿನ ಪ್ರಾಟೆಸ್ಟೆಂಟ್ ಆಡಳಿತವೇ. ಒಪ್ಪಿದೆ.

ಆದರೆ ಹೂಂ ಅಂದರೆ ಬದುಕುತ್ತಿದ್ದರು ಅಂತ ನಿಮಗೆ ಹೇಳಿದವರು ಯಾರು? ಲ್ಯಾಟಿಮರ್, ರಿಡ್ಲಿಯವರ ಪಕ್ಷದವರೇ ಆದ ಆರ್ಚ್‌ಬಿಷಪ್ ಕ್ರಾನ್ಮರ್ ಹೂಂ ಅಂದರು. ಒಂದಲ್ಲ, ಹಲವು ಸಲ ಬರೆದು ಸಹಿ ಹಾಕಿಕೊಟ್ಟರು. ಆದರೂ 1556ರ ಮಾರ್ಚ್‌ನಲ್ಲಿ ಸುಟ್ಟರು. ಕೊನೆಗೆ ಅವರು ಬರೆದದ್ದೆಲ್ಲ ಸುಳ್ಳು ಅಂತ ಎಲ್ಲರೆದುರು ಹೇಳಿ, ಸಹಿ ಹಾಕಿದ ಬಲಗೈಯನ್ನೇ ಮೊದಲು ಬೆಂಕಿಗೆ ಚಾಚಿದರು.

ಬಿಷಪ್‌ಗಳ ಮಾತು ಬಿಡಿ. ರಾಣಿ ಮೇರಿಯ ಕಾಲದಲ್ಲಿ ನಾಲ್ಕು ವರ್ಷ ತುಂಬುವುದರೊಳಗೆ ಸುಮಾರು 280 ಜನ ಹೀಗೆ ಸುಟ್ಟುಹೋದರು. ಜಾಸ್ತಿ ಜನ ನೇಕಾರರು, ಕೂಲಿಗಳು, ಹೆಂಗಸರು. ನನಗೆ ಇವರಲ್ಲಿ ಯಾರನ್ನಾದರೂ ಮರೆಯಲು ಆಗದಿದ್ದರೆ ಅದು ಡರ್ಬಿಯ ಜೋನ್ ವೇಸ್ಟ್‌ಳನ್ನು. ಹುಟ್ಟುಕುರುಡಿ, ಹಗ್ಗ ಹೊಸೆಯುವವನ ಮಗಳು. ಹೆಣಿಗೆ ಕೆಲಸ ಮಾಡಿ ಕೂಡಿಟ್ಟ ಕಾಸಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಕೊಂಡಳು. ಕಣ್ಣೇ ಇಲ್ಲದವಳಿಗೆ ಪುಸ್ತಕ! ಸಾಲ ತೀರಿಸಲಾಗದೆ ಜೈಲಿನಲ್ಲಿದ್ದ ಮುದುಕನೊಬ್ಬ ಓದಿ ಹೇಳುತ್ತಿದ್ದ. ಅವನಿಗೆ ಆಗದಿದ್ದಾಗ ಬೇರೆಯವರಿಗೆ ಪೆನ್ನಿ ಎರಡು ಪೆನ್ನಿ ಕೊಟ್ಟು, ಇಷ್ಟು ಅಧ್ಯಾಯ ಓದಬೇಕು ಅಂತ ಕರಾರು ಮಾಡಿ ಓದಿಸಿಕೊಳ್ಳುತ್ತಿದ್ದಳು. ಕೇಳಿ ಕೇಳಿ ಎಷ್ಟೋ ಅಧ್ಯಾಯ ಬಾಯಿಪಾಠವಾಗಿತ್ತು.

ವಿಚಾರಣೆಯಲ್ಲಿ ಬಿಷಪ್‌ಗೆ ಆಕೆ ಹೇಳಿದ್ದನ್ನು ಕೇಳಿ: ನೀವು ಹೇಳಿದ್ದನ್ನೇ ನಂಬುತ್ತೇನೆ, ಆದರೆ ಕಡೆಯ ತೀರ್ಪಿನ ದಿನ ನನ್ನ ಪರವಾಗಿ ನೀವೇ ದೇವರಿಗೆ ಉತ್ತರ ಕೊಡಬೇಕು. ಬಿಷಪ್ ಮೊದಲು ಆಯ್ತು ಅಂದ. ಪಕ್ಕದಲ್ಲಿದ್ದ ಚಾನ್ಸಲರ್ (ಬಿಷಪ್‌ನ ನ್ಯಾಯಾಧಿಕಾರಿ) ಡ್ರೇಕಾಟ್ ಬೇಡ ಅಂದದ್ದೇ ತಡ, ಮಾತು ಬದಲಿಸಿದ. ಜಗಳ ಬರೀ ರೊಟ್ಟಿಯದ್ದು ಅಂತೀರಲ್ಲ ಸ್ವಾಮಿ, ಇದು ರೊಟ್ಟಿಯ ಮಾತೇ? 1556ರ ಆಗಸ್ಟ್ 1ರಂದು ಅವಳಿ ಸೋದರನ ಕೈ ಹಿಡಿದು ಸುಡುವ ಜಾಗಕ್ಕೆ ನಡೆದುಹೋದಳು. ಇಪ್ಪತ್ತೆರಡು ವರ್ಷ. ಅವಳನ್ನು ಬೈದು ಉಪದೇಶ ಮಾಡಿದ ಡ್ರೇಕಾಟ್ ಆ ಹೊತ್ತಿಗೆ ಛತ್ರಕ್ಕೆ ಹೋಗಿ ಮಲಗಿದ್ದ ಅಂತ, ಹೀಗೆ ಸುಟ್ಟುಹೋದವರ ಕಥೆಗಳನ್ನು ಆ ಕಾಲದಲ್ಲೇ ಸಂಗ್ರಹಿಸಿದ ಜಾನ್ ಫಾಕ್ಸ್ ಬರೆದಿದ್ದಾನೆ. ಫಾಕ್ಸ್ ಪ್ರಾಟೆಸ್ಟೆಂಟರ ಪಕ್ಷದವನು, ಒಂದಿಷ್ಟು ಒಗ್ಗರಣೆ ಹಾಕಿರಬಹುದು, ಇರಲಿ.

ಈಗ ನನ್ನ ಸಂಕಟ ಕೇಳಿ. ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ, ನಮ್ಮ ಪತ್ರಿಕೆ ನಿಮಗೆ ವಾಟ್ಸಾಪ್ ಗ್ರೂಪಿನಲ್ಲಿ ಪಿಡಿಎಫ್ ಆಗಿ ಬರುತ್ತದೆ ಅಂತ, ಅದೂ ಹೆಮ್ಮೆಯಿಂದ! ಪ್ರೆಸ್ಸಿನವರು, ಕಾಗದದವರು ಪಿಡಿಎಫ್‌ಗೆ ಬಿಲ್ ಮಾಫಿ ಮಾಡುವುದಿಲ್ಲ. ಹೋಟೆಲಿನಲ್ಲಿ ಕಾಫಿಗೆ ಕೊಡುವ ದುಡ್ಡು ಓದಿಗೆ ಕೊಡಲು ನಮ್ಮ ಜನಕ್ಕೆ ಕೈ ಬರುವುದಿಲ್ಲ. ಬೈದೆ ಅಂದುಕೊಳ್ಳಬೇಡಿ, ಇಷ್ಟು ಒಳ್ಳೆ ಪ್ರಶ್ನೆ ಕೇಳುವ ಓದುಗರು ಸಿಗುವುದೇ ಅಪರೂಪ. ಚಂದಾ ವಿವರ ಕೊನೆಯ ಪುಟದಲ್ಲಿದೆ, ಪಿಡಿಎಫ್‌ನಲ್ಲೂ ಆ ಪುಟ ಬಂದೇ ಇರುತ್ತದೆ ಅಲ್ವಾ?